ಡಾ. ಮಾಂಟೆಸ್ಸರಿಯವರ ಮೊದಲ ಶಿಷ್ಯರು

ನಮ್ಮ ನಾಡಿನ ಅನೇಕ ಊರುಗಳಲ್ಲಿ, ಅದು ಜಿಲ್ಲಾ ಕೇಂದ್ರವೇ ಆಗಿರಲಿ ನಾಲ್ಕು ಬೀದಿಗಳ ಚಿಕ್ಕ ಪೇಟೆಯೇ ಆಗಿರಲಿ, ಒಂದಲ್ಲ ಒಂದು ಕಟ್ಟಡದ ಮುಂದೆ ಮಾಂಟೆಸ್ಸರಿ ಎಂಬ ಹೆಸರುಳ್ಳ ಫಲಕವು ಕಣ್ಣಿಗೆ ಬೀಳುತ್ತದೆ. ಆ ಫಲಕದ ಕೆಳಗೆ ನಡೆಯುವ ಪಾಠಕ್ಕೂ ಆ ಹೆಸರಿಗೂ ಎಷ್ಟು ಸಂಬಂಧವಿದೆಯೆಂಬುದು ಬೇರೆಯ ಮಾತು. ಆ ಹೆಸರು ಯಾರೊಬ್ಬರ ಸ್ವತ್ತೂ ಅಲ್ಲವಾದ್ದರಿಂದ ಬಯಸಿದವರೆಲ್ಲರೂ ಅದನ್ನು ಬಳಸುತ್ತ ಬಂದಿದ್ದಾರೆ. ಹೆಸರು ಹೀಗೆ ಮನೆಮಾತಾದರೂ ಆ ಮಹಾತಾಯಿಯ ಜೀವನ ಮಾತ್ರ ನಮ್ಮವರಲ್ಲಿ ಅಷ್ಟಾಗಿ ಪರಿಚಿತವಾಗಿಲ್ಲ. ಅದರಲ್ಲಿಯೂ ಒಂದು ಸಂಗತಿ ಬಹುಮಂದಿಗೆ ತಿಳಿಯದು. ಇಂದು ಅನುಕೂಲವಂತರ ಮಕ್ಕಳಿಗಾಗಿಯೇ ಹುಟ್ಟಿತೋ ಎಂಬಂತೆ ತೋರುವ ಈ ಶಿಕ್ಷಣಪದ್ಧತಿಯು ಮೊದಲು ರೂಪುಗೊಂಡದ್ದು ರೋಮ್ ನಗರದ ಹುಚ್ಚಾಸ್ಪತ್ರೆಗಳಲ್ಲಿ ಕೂಡಿಹಾಕಲ್ಪಟ್ಟಿದ್ದ, ಕಲಿಸಿದರೂ ಕಲಿಯಲಾರರೆಂದು ಲೋಕವು ಕೈಬಿಟ್ಟಿದ್ದ ಮಕ್ಕಳ ನಡುವೆ. ಅನ್ನದಾಸೋಹದ ಜೊತೆಗೆ ಜ್ಞಾನದಾಸೋಹವನ್ನೂ ವ್ರತವೆಂದು ಸ್ವೀಕರಿಸಿರುವ ಶ್ರೀಮಠದ ಶಾಲೆಯ ಈ ಸಂಚಿಕೆಯಲ್ಲಿ ಆ ಮಕ್ಕಳನ್ನೂ ಅವರ ಗುರುವನ್ನೂ ನೆನೆಯುವುದು ಉಚಿತವೆಂದು ಭಾವಿಸಿ ಈ ಲೇಖನಕ್ಕೆ ತೊಡಗಿದ್ದೇನೆ.

ಮಾರಿಯಾ ಮಾಂಟೆಸ್ಸರಿಯವರು ಇಟಲಿ ದೇಶದ ಆಂಕೋನಾ ಪಟ್ಟಣದ ಸಮೀಪದ ಕಿಯಾರವಾಲ್ಲೆ ಎಂಬ ಊರಿನಲ್ಲಿ 1870ನೆಯ ಆಗಸ್ಟ್ 31ರಂದು ಜನಿಸಿದರು. ತಂದೆ ಅಲೆಸ್ಸಾಂಡ್ರೊ ಸರ್ಕಾರಿ ನೌಕರರು. ತಾಯಿ ರೆನಿಲ್ದೆ ಓದಿನಲ್ಲಿ ಆಸಕ್ತಿಯುಳ್ಳ ಸುಸಂಸ್ಕೃತ ಗೃಹಿಣಿ. ಇವರಿಗೆ ಮಾರಿಯಾ ಒಬ್ಬಳೇ ಮಗಳು. ಬಾಲಕಿಗೆ ಐದು ವರ್ಷವಾಗುವ ಹೊತ್ತಿಗೆ ಕುಟುಂಬವು ರೋಮ್ ನಗರಕ್ಕೆ ಬಂದು ನೆಲಸಿತು. ಹೆಣ್ಣುಮಕ್ಕಳು ಓದಿದರೆ ಉಪಾಧ್ಯಾಯಿನಿಯಾಗುವುದೇ ಪರಮಾವಧಿಯೆಂದು ತಿಳಿದಿದ್ದ ಆ ಕಾಲದಲ್ಲಿ ಈಕೆ ಗಣಿತವನ್ನು ಮೆಚ್ಚಿ, ಹುಡುಗರು ಸೇರುವ ತಾಂತ್ರಿಕ ಶಾಲೆಯನ್ನು ಸೇರಿದರು. ಅನಂತರ ವೈದ್ಯಳಾಗಬೇಕೆಂದು ಹಟ ಹಿಡಿದರು. ತಂದೆಗೆ ಇದು ಒಪ್ಪಿಗೆಯಾಗಲಿಲ್ಲ. ತಾಯಿ ಮಾತ್ರ ಮಗಳ ಬೆನ್ನಿಗೆ ನಿಂತರು. ವೈದ್ಯ ವಿದ್ಯಾಲಯದಲ್ಲಿ ಗಂಡು ವಿದ್ಯಾರ್ಥಿಗಳ ಜೊತೆಯಲ್ಲಿ ನಿಂತು ಶವಪರೀಕ್ಷೆ ಮಾಡುವುದು ಹೆಣ್ಣಿಗೆ ತಕ್ಕುದಲ್ಲವೆಂದು, ಎಲ್ಲರೂ ಹೊರಟುಹೋದ ಮೇಲೆ ಒಬ್ಬರೇ ಆ ಕೆಲಸವನ್ನು ಮಾಡಬೇಕಾಗಿ ಬಂದಿತು. ಅದನ್ನೂ ಸಹಿಸಿ 1896ರಲ್ಲಿ ವೈದ್ಯ ಪದವಿಯನ್ನು ಪಡೆದರು. ಇಟಲಿಯಲ್ಲಿ ಆ ಪದವಿಯನ್ನು ಪಡೆದ ಮೊದಲ ಕೆಲವೇ ಮಹಿಳೆಯರಲ್ಲಿ ಇವರೊಬ್ಬರು.

ಪದವಿಯ ಬಳಿಕ ರೋಮ್ ವಿಶ್ವವಿದ್ಯಾಲಯದ ಮನೋರೋಗ ಚಿಕಿತ್ಸಾಲಯದಲ್ಲಿ ಸಹಾಯಕರಾಗಿ ಸೇರಿದರು. ಚಿಕಿತ್ಸೆಗೆ ತಕ್ಕ ರೋಗಿಗಳನ್ನು ಆರಿಸುವ ಸಲುವಾಗಿ ನಗರದ ಹುಚ್ಚಾಸ್ಪತ್ರೆಗಳಿಗೆ ಹೋಗಿಬರುವುದು ಅವರ ಕೆಲಸಗಳಲ್ಲೊಂದು. ಅಲ್ಲಿ ಬುದ್ಧಿಯ ಬೆಳವಣಿಗೆ ಕುಂಠಿತವಾದ ಮಕ್ಕಳನ್ನು ಮತಿಭ್ರಮಣೆಯಾದ ವಯಸ್ಕರ ಜೊತೆಯಲ್ಲಿಯೇ ಇಟ್ಟಿದ್ದರು. ಅಂದಿನ ವೈದ್ಯಗ್ರಂಥಗಳು ಆ ಮಕ್ಕಳಿಗೆ ಕೊಟ್ಟಿದ್ದ ಹೆಸರುಗಳನ್ನು ಇಂದು ಬರೆಯಲು ಕೈ ಹಿಂಜರಿಯುತ್ತದೆ. ಅವರಿಗೆ ಆಟದ ವಸ್ತುವಿಲ್ಲ, ಕೈಗೆ ಕೆಲಸವಿಲ್ಲ. ನಾಲ್ಕು ಬರಿಯ ಗೋಡೆಗಳ ನಡುವೆ ಹಗಲು ಕಳೆಯಬೇಕು. ಮಾಂಟೆಸ್ಸರಿಯವರ ಜೀವನವನ್ನು ಬರೆದವರು ಈ ಸಂದರ್ಭದ ಒಂದು ಘಟನೆಯನ್ನು ತಪ್ಪದೆ ಹೇಳುತ್ತಾರೆ. ಊಟ ಮುಗಿದೊಡನೆ ಈ ಮಕ್ಕಳು ನೆಲದ ಮೇಲೆ ಬಿದ್ದು ರೊಟ್ಟಿಯ ಚೂರುಗಳಿಗಾಗಿ ತಡಕಾಡುತ್ತಾರೆಂದು ಅಲ್ಲಿನ ಪರಿಚಾರಿಕೆಯು ಹೇಸಿಗೆಪಟ್ಟುಕೊಂಡು ಹೇಳಿದಳಂತೆ. ಆಕೆಗೆ ಅಲ್ಲಿ ಕಂಡದ್ದು ಹೊಟ್ಟೆಬಾಕತನ. ಯುವ ವೈದ್ಯೆಗೆ ಕಂಡದ್ದು ಬೇರೆ. ಹಿಡಿಯಲು, ಹೊರಳಿಸಲು, ಕಿವುಚಲು ಆ ಕೊಠಡಿಯಲ್ಲಿ ಆ ಚೂರುಗಳನ್ನು ಬಿಟ್ಟರೆ ಮತ್ತೊಂದು ವಸ್ತುವೇ ಇರಲಿಲ್ಲ. ಮಕ್ಕಳ ಹೊಟ್ಟೆ ಹಸಿದಿರಲಿಲ್ಲ, ಕೈ ಹಸಿದಿತ್ತು.

ಈ ಅರಿವು ಅವರನ್ನು ಇಬ್ಬರು ಫ್ರೆಂಚ್ ವೈದ್ಯರ ಗ್ರಂಥಗಳತ್ತ ಕೊಂಡೊಯ್ದಿತು. ಮೊದಲನೆಯವರು ಇತಾರ್. ಅವೆರಾನ್ ಪ್ರಾಂತದ ಕಾಡಿನಲ್ಲಿ ಸಿಕ್ಕಿದ, ಮಾತುಬಾರದ ಬಾಲಕನೊಬ್ಬನನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ತಮ್ಮ ಬಳಿ ಇಟ್ಟುಕೊಂಡು ವರ್ಷಗಳ ಕಾಲ ಶಿಕ್ಷಣ ಕೊಡಲು ಶ್ರಮಿಸಿದವರು. ಆ ಬಾಲಕ ಮಾತನ್ನು ಹೆಚ್ಚೇನೂ ಕಲಿಯಲಿಲ್ಲವಾದರೂ, ನೋಡುವುದು, ಕೇಳುವುದು, ಮುಟ್ಟಿ ತಿಳಿಯುವುದು ಇವುಗಳನ್ನು ಒಂದೊಂದಾಗಿ ಪಳಗಿಸಬಹುದೆಂಬ ದಾರಿಯನ್ನು ಇತಾರ್ ತೋರಿಸಿಕೊಟ್ಟರು. ಅವರ ಶಿಷ್ಯ ಎದುವಾರ್ ಸೆಗೆನ್ ಆ ದಾರಿಯನ್ನು ಹೆದ್ದಾರಿಯನ್ನಾಗಿ ಮಾಡಿದರು. ಬುದ್ಧಿಮಾಂದ್ಯತೆಯುಳ್ಳ ಮಕ್ಕಳ ಶಿಕ್ಷಣವನ್ನು ಕುರಿತು ಸೆಗೆನ್ 1846ರಲ್ಲಿ ಫ್ರೆಂಚ್ ಭಾಷೆಯಲ್ಲಿಯೂ, ಅಮೆರಿಕಕ್ಕೆ ಹೋಗಿ ನೆಲಸಿದ ಮೇಲೆ 1866ರಲ್ಲಿ ಇಂಗ್ಲಿಷಿನಲ್ಲಿಯೂ ಗ್ರಂಥಗಳನ್ನು ಪ್ರಕಟಿಸಿದರು. ಮಾಂಸಖಂಡಗಳಿಂದ ಇಂದ್ರಿಯಗಳಿಗೆ, ಇಂದ್ರಿಯಗಳಿಂದ ಭಾವನೆಗೆ, ಅಲ್ಲಿಂದ ವಿಚಾರಕ್ಕೆ ಮಗುವನ್ನು ಮೆಟ್ಟಿಲು ಮೆಟ್ಟಿಲಾಗಿ ಕರೆದೊಯ್ಯಬೇಕೆಂಬುದು ಅವರ ಕ್ರಮ. ಮಾಂಟೆಸ್ಸರಿಯವರು ಪ್ಯಾರಿಸ್ಸಿಗೂ ಲಂಡನ್ನಿಗೂ ಹೋಗಿ ಇಂತಹ ಮಕ್ಕಳ ಸಂಸ್ಥೆಗಳನ್ನು ಕಂಡು ಬಂದರು. ಬಿಸೆತ್ರ್ ಆಸ್ಪತ್ರೆಯಲ್ಲಿ ಸೆಗೆನ್ನರ ಉಪಕರಣಗಳು ಉಳಿದಿದ್ದರೂ ಅವರ ಪದ್ಧತಿಯ ಜೀವ ಉಳಿದಿಲ್ಲವೆಂದು ಅವರಿಗೆ ತೋರಿತು. ಊರಿಗೆ ಮರಳಿದವರೇ ಇತಾರ್ ಮತ್ತು ಸೆಗೆನ್ನರ ಬರಹಗಳನ್ನು ಮೊದಲಿನಿಂದ ಕೊನೆಯವರೆಗೆ ಇಟಾಲಿಯನ್ ಭಾಷೆಗೆ ತಿರುಗಿಸಿ ಸ್ವಹಸ್ತದಿಂದ ಬರೆದುಕೊಂಡರು. ನಮ್ಮ ಮಠಗಳಲ್ಲಿ ಹಿಂದೆ ಓಲೆಗರಿಗಳ ಮೇಲೆ ಪ್ರತಿ ಮಾಡುತ್ತಿದ್ದವರ ಶ್ರದ್ಧೆಯನ್ನು ಬಲ್ಲವರಿಗೆ ಇದರ ಅರ್ಥ ಆಗುತ್ತದೆ. ಬರೆಯುವ ಕೈಗೆ ಓಡಲು ಬರುವುದಿಲ್ಲ. ಪ್ರತಿಯೊಂದು ಪದದ ತೂಕವನ್ನೂ ನೋಡಲೇಬೇಕಾಗುತ್ತದೆ.

1898ರ ಸೆಪ್ಟೆಂಬರಿನಲ್ಲಿ ತೂರಿನ್ ನಗರದಲ್ಲಿ ಶಿಕ್ಷಕರ ದೊಡ್ಡ ಸಮ್ಮೇಳನ ನಡೆಯಿತು. ಆ ದಿನಗಳಲ್ಲಿಯೇ ಆಸ್ಟ್ರಿಯದ ಸಾಮ್ರಾಜ್ಞಿಯನ್ನು ಇಟಲಿಯವನೊಬ್ಬನು ಇರಿದು ಕೊಂದ ಸುದ್ದಿ ಬಂದು ಸಭೆಯೆಲ್ಲ ಕಳವಳಗೊಂಡಿತ್ತು. ಅಂತಹ ಸಮಯದಲ್ಲಿ ಮಾತನಾಡಲು ನಿಂತ ಇಪ್ಪತ್ತೆಂಟರ ವೈದ್ಯೆಯು, ಶಾಲೆಗಳು ಹೊರಗಟ್ಟಿದ ಮಕ್ಕಳನ್ನು ಸಮಾಜವು ಮರೆತರೆ ಅದರ ಫಲವನ್ನು ಸಮಾಜವೇ ಉಣ್ಣಬೇಕಾಗುತ್ತದೆಂದೂ, ಈ ಮಕ್ಕಳ ಪ್ರಶ್ನೆ ಮುಖ್ಯವಾಗಿ ಔಷಧದ ಪ್ರಶ್ನೆಯಲ್ಲ, ಶಿಕ್ಷಣದ ಪ್ರಶ್ನೆಯೆಂದೂ ಪ್ರತಿಪಾದಿಸಿದರು. ವೈದ್ಯರೇ ಈ ಮಾತನ್ನು ಹೇಳಿದುದು ಹಲವರಿಗೆ ಹೊಸದಾಗಿ ಕಂಡಿತು. ವಿದ್ಯಾಮಂತ್ರಿ ಗಿದೊ ಬಾಚೆಲ್ಲಿಯವರು ರೋಮ್ ನಗರದ ಉಪಾಧ್ಯಾಯಿನಿಯರಿಗೆ ಈ ವಿಷಯವಾಗಿ ಉಪನ್ಯಾಸ ಮಾಡಲು ಅವರನ್ನು ಆಹ್ವಾನಿಸಿದರು. ಅದರ ಫಲವಾಗಿ 1900ರಲ್ಲಿ ಇಂತಹ ಮಕ್ಕಳ ಶಿಕ್ಷಕರಿಗೆ ತರಬೇತಿ ಕೊಡುವ ವಿಶೇಷ ಶಾಲೆಯೊಂದು ಆರಂಭವಾಯಿತು. ಅದಕ್ಕೆ ಹೊಂದಿದಂತೆ ಮಕ್ಕಳ ತರಗತಿಯೂ ಇತ್ತು. ಡಾ. ಜುಸೆಪ್ಪೆ ಮೊಂತೆಸಾನೊ ಮತ್ತು ಡಾ. ಮಾಂಟೆಸ್ಸರಿ ಇಬ್ಬರೂ ಕೂಡಿ ಅದರ ನಿರ್ದೇಶಕರಾದರು.

ನಿರ್ದೇಶಕರೆಂದರೆ ಕುರ್ಚಿಯಲ್ಲಿ ಕುಳಿತು ರುಜು ಹಾಕುವವರಲ್ಲ. ಬೆಳಿಗ್ಗೆ ಎಂಟರಿಂದ ಸಂಜೆ ಏಳರವರೆಗೆ ಮಾಂಟೆಸ್ಸರಿಯವರು ತಾವೇ ಮಕ್ಕಳೊಡನೆ ಕುಳಿತು ಕಲಿಸುತ್ತಿದ್ದರು. ರಾತ್ರಿ ಆ ದಿನ ಕಂಡದ್ದನ್ನೆಲ್ಲ ಬರೆದಿಟ್ಟು, ಹೋಲಿಸಿ, ಮರುದಿನಕ್ಕೆ ಹೊಸ ಉಪಕರಣಗಳನ್ನು ಯೋಚಿಸುತ್ತಿದ್ದರು. ಎರಡು ವರ್ಷಗಳ ಈ ದುಡಿಮೆಯೇ ತಮ್ಮ ನಿಜವಾದ ಶಿಕ್ಷಕ ಪದವಿಯೆಂದು ಅವರು ಮುಂದೆ ಭಾವಿಸಿದ್ದರು. ಕಾಯಕವೆಂಬ ಪದವನ್ನು ಅವರು ಕೇಳಿರಲಾರರು. ಆದರೆ ಅದಕ್ಕೆ ಬೇರೆ ಹೆಸರಿಡಲು ನನಗೆ ತೋಚುವುದಿಲ್ಲ.

ಆ ದಿನಗಳ ಎರಡು ಸಂಗತಿಗಳು ಶಿಕ್ಷಕರಾದ ನಮಗೆ ವಿಶೇಷವಾಗಿ ಮನನೀಯವಾಗಿವೆ. ಹನ್ನೊಂದು ವರ್ಷದ ಬುದ್ಧಿಮಾಂದ್ಯ ಬಾಲಕಿಯೊಬ್ಬಳಿಗೆ ಹೊಲಿಗೆ ಕಲಿಸಲು ಎಷ್ಟು ಯತ್ನಿಸಿದರೂ ಆಗಲಿಲ್ಲ. ಸೂಜಿಯನ್ನು ಒಮ್ಮೆ ಮೇಲೆ ಒಮ್ಮೆ ಕೆಳಗೆ ತೆಗೆಯುವ ಸಾದಾ ಹೊಲಿಗೆಯೂ ಆಕೆಗೆ ಬಾರದಾಯಿತು. ಮಾಂಟೆಸ್ಸರಿಯವರು ಹೊಲಿಗೆಯನ್ನು ಬದಿಗಿಟ್ಟು, ಕಾಗದದ ಪಟ್ಟಿಗಳನ್ನು ಒಂದರ ಮೇಲೊಂದು ಒಂದರ ಕೆಳಗೊಂದು ಹಾಯಿಸಿ ಚಾಪೆ ಹೆಣೆಯುವ ಆಟವನ್ನು ಕೊಟ್ಟರು. ಬಾಲಕಿ ಅದನ್ನು ಚೆನ್ನಾಗಿ ಕಲಿತಳು. ಆಮೇಲೆ ಮತ್ತೆ ಸೂಜಿದಾರ ಕೊಟ್ಟು ನೋಡಿದರೆ, ಆಕೆ ಹರಿದ ಬಟ್ಟೆಗೆ ರಫು ಮಾಡಬಲ್ಲವಳಾಗಿದ್ದಳು! ಕೆಲಸವನ್ನು ಮಾಡಿಸಿಯೇ ಕೆಲಸ ಕಲಿಸಬೇಕೆಂದಿಲ್ಲ. ಆ ಕೆಲಸಕ್ಕೆ ಬೇಕಾದ ಕೈಚಲನೆಯನ್ನು ಮೊದಲೇ ಬೇರೊಂದು ರೀತಿಯಲ್ಲಿ ಸಿದ್ಧಪಡಿಸಿಟ್ಟರೆ ಮಗು ಸೋಲದೆ ಅದನ್ನು ಕೈಗೊಳ್ಳುತ್ತದೆಂಬ ತತ್ತ್ವ ಅವರಿಗೆ ಇಲ್ಲಿ ದೊರೆಯಿತು.

ಎರಡನೆಯದು ಅಕ್ಷರಗಳ ವಿಷಯ. ಬರವಣಿಗೆಗೂ ಇದೇ ತತ್ತ್ವವನ್ನು ಅನ್ವಯಿಸಿ ಅವರು ಮರದ ಅಕ್ಷರಗಳನ್ನು ಮಾಡಿಸಿದರು. ಕೂಡುಬರಹದ ಆ ಅಕ್ಷರಗಳಲ್ಲಿ ಗಿಡ್ಡವಾದವು ಎಂಟು ಸೆಂಟಿಮೀಟರ್ ಎತ್ತರ. ಸ್ವರಗಳಿಗೆ ಕೆಂಪು ಬಣ್ಣ, ವ್ಯಂಜನಗಳಿಗೆ ನೀಲಿ ಬಣ್ಣ. ಮಗುವು ಬರೆಯುವ ದಿಕ್ಕಿನಲ್ಲಿಯೇ ಅವುಗಳ ಮೇಲೆ ತೋರುಬೆರಳನ್ನು ಹಾಯಿಸಬೇಕು, ಆಮೇಲೆ ಎರಡು ಬೆರಳುಗಳನ್ನು, ಕೊನೆಗೆ ಲೇಖನಿಯಂತೆ ಹಿಡಿದ ಚಿಕ್ಕ ಕಡ್ಡಿಯನ್ನು. ಕಣ್ಣು ನೋಡುತ್ತದೆ, ಕಿವಿ ಅಕ್ಷರದ ಧ್ವನಿಯನ್ನು ಕೇಳುತ್ತದೆ, ಕೈ ಅದರ ಆಕಾರವನ್ನು ನೆನಪಿಟ್ಟುಕೊಳ್ಳುತ್ತದೆ. ಕಣ್ಣಿನಿಂದ ಮಾತ್ರ ಕಲಿಯಲಾರದ ಮಗು ಮೂರು ಬಾಗಿಲುಗಳಿಂದ ಕಲಿಯಿತು.

ನಮ್ಮ ಹಿರಿಯರ ಕೂಲಿಮಠಗಳಲ್ಲಿಯೂ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುತ್ತಿದ್ದುದನ್ನು ಇಲ್ಲಿ ನೆನೆಯಬಹುದು. ಅಂಗೈಯನ್ನೇ ಪೂಜಾಪೀಠವನ್ನಾಗಿ ಮಾಡಿಕೊಂಡ ಪರಂಪರೆಯಲ್ಲಿ ಬೆಳೆದವರಿಗೆ, ಕೈಯ ಮೂಲಕ ಅರಿವು ಒಳಗಿಳಿಯುತ್ತದೆಂಬ ವಿಚಾರ ಅಪರಿಚಿತವೆನಿಸದು. ಆದರೆ ನಿಜವನ್ನೂ ಮರೆಮಾಚಬಾರದು. ಅದೇ ಕೂಲಿಮಠಗಳಲ್ಲಿ ಬೇಗ ತಿದ್ದಲಾರದ ಹುಡುಗನ ಪಾಲಿಗೆ ಬರುತ್ತಿದ್ದುದು ಬೆತ್ತ, ಕೋದಂಡ. ಬೆರಳಿನ ಗುಟ್ಟು ನಮಗೆ ತಿಳಿದಿತ್ತು. ತಡವಾಗಿ ಕಲಿಯುವ ಮಗುವಿಗಾಗಿ ಕಾಯುವ ಗುಟ್ಟು ತಿಳಿದಿರಲಿಲ್ಲ.

ಮಾಂಟೆಸ್ಸರಿಯವರ ಶಾಲೆಯ ಕೆಲವು ಮಕ್ಕಳು ಓದುಬರಹ ಕಲಿತು, ಸಾಮಾನ್ಯ ಮಕ್ಕಳ ಜೊತೆಯಲ್ಲಿ ಸಾರ್ವಜನಿಕ ಶಾಲೆಯ ಪರೀಕ್ಷೆಗೆ ಕುಳಿತು ಉತ್ತೀರ್ಣರಾದರು. ನೋಡಿದವರು ಇದನ್ನು ಪವಾಡವೆಂದರು. ಗುರುವಿಗೆ ಮಾತ್ರ ಬೇರೊಂದು ಚಿಂತೆ ಹತ್ತಿಕೊಂಡಿತು. ಇಂತಹ ಮಕ್ಕಳು ಸಾಮಾನ್ಯ ಮಕ್ಕಳನ್ನು ಸರಿಗಟ್ಟಬಲ್ಲರಾದರೆ, ಆರೋಗ್ಯವಂತರಾದ ಆ ಮಕ್ಕಳನ್ನು ಇಷ್ಟು ಕೆಳಮಟ್ಟದಲ್ಲಿ ತಡೆದು ನಿಲ್ಲಿಸಿರುವ ಶಾಲೆಗಳ ದೋಷವಾದರೂ ಎಂತಹದು? ಈ ಪ್ರಶ್ನೆಯೇ ಅವರ ಮುಂದಿನ ಜೀವನವನ್ನೆಲ್ಲ ತಿರುಗಿಸಿತು.

ಆದರೆ ತಿರುವಿಗೆ ಕಾರಣ ಈ ಪ್ರಶ್ನೆಯೊಂದೇ ಆಗಿರಲಿಲ್ಲವೆಂಬುದನ್ನೂ ಹೇಳಬೇಕು. ಹಿರಿಯರ ಚರಿತ್ರೆಯನ್ನು ಬರೆಯುವಾಗ ಇಂತಹ ಸಂಗತಿಗಳನ್ನು ಬಿಟ್ಟುಬಿಡುವುದು ನಮ್ಮಲ್ಲಿ ವಾಡಿಕೆ. ಇಲ್ಲಿ ಬಿಟ್ಟರೆ ಅವರ ಜೀವನದ ಅರ್ಧ ಅರ್ಥವಾಗದು. ಡಾ. ಮೊಂತೆಸಾನೊ ಅವರಿಂದ ಮಾಂಟೆಸ್ಸರಿಯವರಿಗೆ 1898ರಲ್ಲಿ ಒಬ್ಬ ಮಗ ಜನಿಸಿದ್ದನು. ವಿವಾಹವಾಗಿರಲಿಲ್ಲ. ಅಂದಿನ ಇಟಲಿಯಲ್ಲಿ ಈ ವಿಷಯ ಬಯಲಾಗಿದ್ದರೆ ಅವರ ವೃತ್ತಿಯೂ, ಅವರನ್ನು ನಂಬಿದ್ದ ಕಾರ್ಯವೂ ಅಂದೇ ಮುಗಿಯುತ್ತಿದ್ದವು. ಮಾರಿಯೊ ಎಂಬ ಆ ಶಿಶುವನ್ನು ರೋಮ್ ನಗರದ ಹೊರಗಿನ ಹಳ್ಳಿಯೊಂದರ ಕುಟುಂಬದಲ್ಲಿ ಸಾಕಲು ಬಿಟ್ಟರು. ತಾಯಿ ಆಗಾಗ ಹೋಗಿ ನೋಡಿಬರುತ್ತಿದ್ದರು. ತಾನು ಯಾರೆಂದು ಹೇಳಿಕೊಳ್ಳುವಂತಿರಲಿಲ್ಲ. ಕೆಲಕಾಲದಲ್ಲಿಯೇ ಮೊಂತೆಸಾನೊ ಬೇರೊಬ್ಬರನ್ನು ವಿವಾಹವಾದರು. 1901ರಲ್ಲಿ ಮಾಂಟೆಸ್ಸರಿಯವರು ಆ ಶಾಲೆಯನ್ನು ತೊರೆದರು.

ಪರರ ಮಕ್ಕಳಿಗಾಗಿ ದಿನಕ್ಕೆ ಹನ್ನೊಂದು ಗಂಟೆ ದುಡಿದ ತಾಯಿಯು ತನ್ನ ಮಗುವನ್ನು ಎತ್ತಿಕೊಳ್ಳಲಾರದೆ ಹೋದುದನ್ನು ನೆನೆದರೆ ಯಾರನ್ನು ದೂಷಿಸಬೇಕೋ ತಿಳಿಯದು. ಅವರು ಶಾಲೆಯನ್ನು ಬಿಟ್ಟುದರಿಂದ ಆ ಬುದ್ಧಿಮಾಂದ್ಯ ಮಕ್ಕಳಿಗೂ ನಷ್ಟವಾಯಿತು. ಮೊಂತೆಸಾನೊ ಆ ಕ್ಷೇತ್ರದಲ್ಲಿಯೇ ಉಳಿದು ಬಹುಕಾಲ ದುಡಿದರು. ಈ ಶ್ರೇಯಸ್ಸನ್ನು ಅವರಿಗೆ ಸಲ್ಲಿಸದಿರುವುದು ನ್ಯಾಯವಲ್ಲ. ಮಾಂಟೆಸ್ಸರಿಯವರ ಪದ್ಧತಿ ಮಾತ್ರ ಲೋಕವನ್ನೆಲ್ಲ ಸುತ್ತಿ, ತಾನು ಹುಟ್ಟಿದ ಮಕ್ಕಳ ಬಳಿಗೆ ಮರಳಲು ದಶಕಗಳನ್ನೇ ತೆಗೆದುಕೊಂಡಿತು. ಜರ್ಮನಿಯ ಮ್ಯೂನಿಕ್ ನಗರದಲ್ಲಿ ಮಕ್ಕಳ ವೈದ್ಯರಾದ ಪ್ರೊ. ಥಿಯೊಡೋರ್ ಹೆಲ್‌ಬ್ರ್ಯೂಗೆ ಅವರು 1968ರಲ್ಲಿ ಅಂಗವಿಕಲತೆಯುಳ್ಳ ಮತ್ತು ಇಲ್ಲದ ಮಕ್ಕಳನ್ನು ಒಂದೇ ಕೊಠಡಿಯಲ್ಲಿ ಕೂಡಿಸಿ ಈ ಪದ್ಧತಿಯ ಶಿಶುವಿಹಾರವನ್ನು ತೆರೆದುದು ಅಂತಹ ಮರಳುವಿಕೆಯ ಒಂದು ಮುಖ್ಯ ಘಟ್ಟ.

ಶಾಲೆಯನ್ನು ತೊರೆದ ಮೇಲೆ ಮಾಂಟೆಸ್ಸರಿಯವರು ಮತ್ತೆ ವಿದ್ಯಾರ್ಥಿನಿಯಾಗಿ ತತ್ತ್ವಶಾಸ್ತ್ರವನ್ನೂ ಮನಶ್ಶಾಸ್ತ್ರವನ್ನೂ ಅಭ್ಯಸಿಸಿದರು. ವಿಶ್ವವಿದ್ಯಾಲಯದಲ್ಲಿ ಪಾಠವನ್ನೂ ಹೇಳಿದರು. ಮಕ್ಕಳ ತಲೆಯ ಅಳತೆಯಿಂದ ಅವರ ಯೋಗ್ಯತೆಯನ್ನು ತಿಳಿಯಬಹುದೆಂಬ ಅಂದಿನ ಮಾನವಶಾಸ್ತ್ರದ ಭ್ರಮೆಯಿಂದ ಅವರೂ ಪೂರ್ತಿ ಮುಕ್ತರಾಗಿರಲಿಲ್ಲ. ಅಳತೆಗೋಲನ್ನು ಬದಿಗಿಟ್ಟು ಮಕ್ಕಳ ಕೆಲಸವನ್ನು ನೋಡಿದಾಗಲೆಲ್ಲ ಅವರು ಗೆದ್ದರು.

ಅಂತಹ ಅವಕಾಶ 1907ರಲ್ಲಿ ಬಂದಿತು. ರೋಮ್ ನಗರದ ಸಾನ್ ಲೊರೆಂಜೊ ಎಂಬುದು ಕೂಲಿಕಾರರ ಬಡ ಬಡಾವಣೆ. ಅಲ್ಲಿನ ವಠಾರಗಳನ್ನು ದುರಸ್ತಿ ಮಾಡಿಸಿ ಬಾಡಿಗೆಗೆ ಕೊಟ್ಟಿದ್ದ ಸಂಸ್ಥೆಯೊಂದಕ್ಕೆ ಒಂದು ತೊಂದರೆ ಎದುರಾಯಿತು. ತಂದೆತಾಯಿಗಳು ದುಡಿಮೆಗೆ ಹೋದ ಮೇಲೆ, ಇನ್ನೂ ಶಾಲೆಯ ವಯಸ್ಸಾಗದ ಎಳೆಯರು ಹಗಲೆಲ್ಲ ಅಲೆದಾಡಿ ಗೋಡೆಗಳನ್ನು ಕೆಡಿಸುತ್ತಿದ್ದರು. ಅವರನ್ನು ಒಂದು ಕೊಠಡಿಯಲ್ಲಿ ಕೂಡಿಹಾಕಿದರೆ ಸುಣ್ಣ ಹೊಡೆಸುವ ಖರ್ಚು ಉಳಿಯುತ್ತದೆಂಬುದು ಲೆಕ್ಕಾಚಾರ. ಲೋಕಪ್ರಸಿದ್ಧವಾದ ಸಂಸ್ಥೆಗಳ ಮೂಲವನ್ನು ಕೆದಕಿದರೆ ಕೆಲವೊಮ್ಮೆ ಇಂತಹ ಲೆಕ್ಕಪುಸ್ತಕವೇ ಸಿಗುತ್ತದೆ. ಜನವರಿ 6ರಂದು ಮಕ್ಕಳ ಮನೆ ಎಂಬ ಹೆಸರಿನಿಂದ ಆ ಕೊಠಡಿ ತೆರೆಯಿತು. ಮೂರರಿಂದ ಆರು ವರ್ಷದೊಳಗಿನ ಸುಮಾರು ಐವತ್ತು ಮಕ್ಕಳು. ಅಂಜಿದ, ಅಳುವ, ಮಂಕಾದ ಮುಖಗಳು. ನೋಡಿಕೊಳ್ಳಲು ಶಿಕ್ಷಕ ತರಬೇತಿಯಿಲ್ಲದ ಸಾಮಾನ್ಯ ಹೆಣ್ಣುಮಗಳೊಬ್ಬಳು. ಮಾಂಟೆಸ್ಸರಿಯವರು ಅಲ್ಲಿಗೆ ತಂದುದು ಹಿಂದಿನ ಶಾಲೆಯಲ್ಲಿ ಬುದ್ಧಿಮಾಂದ್ಯ ಮಕ್ಕಳಿಗಾಗಿ ಸಿದ್ಧಪಡಿಸಿದ್ದ ಉಪಕರಣಗಳನ್ನೇ. ಅಲ್ಲಿ ಎಂಟು ಹತ್ತು ವರ್ಷದ ಮಗು ಇಂದ್ರಿಯಗಳ ಶಿಕ್ಷಣದಲ್ಲಿ ನಿಂತಿದ್ದ ಮೆಟ್ಟಿಲಿನಲ್ಲಿಯೇ ಇಲ್ಲಿ ಮೂರು ವರ್ಷದ ಮಗು ನಿಂತಿದೆಯೆಂಬುದು ಅವರ ಊಹೆಯಾಗಿತ್ತು.

ಊಹೆ ಫಲಿಸಿತು, ಊಹಿಸದುದೂ ನಡೆಯಿತು. ಮೂರು ವರ್ಷದ ಬಾಲೆಯೊಬ್ಬಳು ಮರದ ದಿಮ್ಮಿಯ ಕುಳಿಗಳಲ್ಲಿ ಬೇರೆ ಬೇರೆ ಗಾತ್ರದ ಹಿಡಿಕೆಯುಳ್ಳ ಗುಂಡುಗಳನ್ನು ಹೊಂದಿಸುತ್ತಿದ್ದಳು. ಇತರ ಮಕ್ಕಳಿಂದ ಸುತ್ತಲೂ ಹಾಡಿಸಿದರು, ಆಕೆಯನ್ನು ಕುರ್ಚಿಯ ಸಮೇತ ಎತ್ತಿ ಮೇಜಿನ ಮೇಲೆ ಕೂಡಿಸಿದರು, ಆಕೆ ತಲೆಯೆತ್ತಲಿಲ್ಲ. ನಲವತ್ತಕ್ಕೂ ಹೆಚ್ಚು ಬಾರಿ ಅದನ್ನೇ ಮಾಡಿ, ತಾನಾಗಿಯೇ ನಿಲ್ಲಿಸಿ, ನಿದ್ದೆಯಿಂದ ಎದ್ದವಳಂತೆ ಪ್ರಸನ್ನಳಾಗಿ ನೋಡಿದಳು. ಮತ್ತೊಂದು ದಿನ ಬೀರುವಿಗೆ ಬೀಗ ಹಾಕಲು ಮರೆತು ಹೋಗಿದ್ದ ಉಪಾಧ್ಯಾಯಿನಿ ಬಂದು ನೋಡಿದರೆ, ಮಕ್ಕಳು ತಮಗೆ ಬೇಕಾದುದನ್ನು ತಾವೇ ತೆಗೆದುಕೊಂಡು ಕೆಲಸದಲ್ಲಿ ಮುಳುಗಿದ್ದರು. ಆಕೆಗೆ ಅದು ಕಳವಾಗಿ ಕಂಡಿತು, ಮಾಂಟೆಸ್ಸರಿಯವರಿಗೆ ಆಯ್ಕೆಯಾಗಿ ಕಂಡಿತು. ಅಂದಿನಿಂದ ಮಕ್ಕಳ ಕೈಗೆಟಕುವ ತೆರೆದ ತಗ್ಗು ಬೀರುಗಳು ಬಂದವು. ಹಳೆಯ ಮರದ ಅಕ್ಷರಗಳಂತಹವನ್ನು ಮತ್ತೆ ಮಾಡಿಸಲು ಹಣ ಸಾಲದೆ, ಬಡಗಿಗಳು ಬಳಸುವ ಸ್ಯಾಂಡ್ ಪೇಪರನ್ನು ಅಕ್ಷರಗಳಾಗಿ ಕತ್ತರಿಸಿ ರಟ್ಟಿನ ಮೇಲೆ ಅಂಟಿಸಿದರು. ಬಡತನ ಕಲಿಸಿದ ಈ ಉಪಾಯ ಮರದ ಅಕ್ಷರಗಳಿಗಿಂತಲೂ ಮೇಲಾಯಿತು. ಆ ವರ್ಷದ ಚಳಿಗಾಲದ ಬಿಸಿಲಿನ ದಿನವೊಂದರಲ್ಲಿ, ಮಹಡಿಯ ಮೇಲೆ ಸೀಮೆಸುಣ್ಣದಿಂದ ಹೊಗೆಗೂಡಿನ ಚಿತ್ರ ಬರೆಯುತ್ತಿದ್ದ ಐದು ವರ್ಷದ ಹುಡುಗನೊಬ್ಬ ಥಟ್ಟನೆ ನೆಲದ ಮೇಲೆ ಕೈ ಎಂಬ ಅರ್ಥದ ಪದವನ್ನು ಬರೆದು, ತನಗೆ ಬರೆಯಲು ಬರುತ್ತದೆಂದು ಕೂಗಿದನು. ಬರೆಯುವುದನ್ನು ಯಾರೂ ಅವನಿಗೆ ಕಲಿಸಿರಲಿಲ್ಲ. ಅವನ ಕೈಯನ್ನು ಸಿದ್ಧಪಡಿಸಿದ್ದರು, ಅಷ್ಟೆ. ಆ ಕೈಗೆ ಹಾದಿ ಮಾಡಿಕೊಟ್ಟವರು ಅವನೆಂದೂ ಕಾಣದ ಹಿಂದಿನ ಶಾಲೆಯ ಮಕ್ಕಳು.

ಮೂರರಿಂದ ಆರು ವರ್ಷದ ಈ ಅವಧಿಯ ಮಹತ್ತ್ವವನ್ನು ಶಾಸನಗಳು ತಡವಾಗಿ ಗುರುತಿಸುತ್ತವೆ. ನಮ್ಮ ದೇಶದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಗಣನೀಯ ಅಂಗವೈಕಲ್ಯವುಳ್ಳ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕನ್ನು ಕೊಡುವುದು ಆರರಿಂದ ಹದಿನೆಂಟು ವರ್ಷದವರೆಗೆ. ನೆರವು ಅತ್ಯಂತ ಫಲಕಾರಿಯಾಗುವ ವರ್ಷಗಳು ಅದಕ್ಕೂ ಮುಂಚೆಯೇ ಕಳೆದಿರುತ್ತವೆ. ಶಿಶುವಿಹಾರವನ್ನು ನಡೆಸುವ ದಾನಿಗಳೂ ಆಡಳಿತ ಮಂಡಲಿಗಳೂ ಗಮನಿಸಬೇಕಾದ ಅಂತರವಿದು.

ಮುಂದಿನ ಕೀರ್ತಿಯ ಕಥೆ ಎಲ್ಲ ಗ್ರಂಥಗಳಲ್ಲಿಯೂ ಇದೆ. 1909ರಲ್ಲಿ ಅವರ ಮುಖ್ಯ ಗ್ರಂಥ ಪ್ರಕಟವಾಗಿ ಹಲವು ಭಾಷೆಗಳಿಗೆ ಅನುವಾದಗೊಂಡಿತು. 1912ರ ಕೊನೆಯಲ್ಲಿ ತಾಯಿ ತೀರಿಕೊಂಡ ಬಳಿಕ ಹದಿಹರೆಯದ ಮಾರಿಯೊವನ್ನು ತಮ್ಮ ಬಳಿಗೆ ಕರೆತಂದರು; ಲೋಕದೆದುರು ಅವನು ಬಂಧುವೆನಿಸಿಕೊಂಡನು. ಅಮೆರಿಕದಲ್ಲಿ ಅಪೂರ್ವ ಸ್ವಾಗತ ದೊರೆಯಿತು. 1924ರಿಂದ ಕೆಲವು ವರ್ಷ ಮುಸೊಲಿನಿಯ ಸರ್ಕಾರದ ಬೆಂಬಲವನ್ನೂ ಸ್ವೀಕರಿಸಿದರು. ಮಕ್ಕಳ ಸ್ವಾತಂತ್ರ್ಯವನ್ನು ಸಾರಿದವರು ಆ ಆಶ್ರಯವನ್ನು ಒಪ್ಪಿದುದು ಸರಿಯೆಂದು ನಾನು ಹೇಳಲಾರೆ. 1934ರ ಹೊತ್ತಿಗೆ ಸಂಬಂಧ ಕಡಿದುಹೋಗಿ, ಇಟಲಿಯನ್ನು ಬಿಟ್ಟು ಹೋಗಬೇಕಾಯಿತು.

ನಮಗೆ ಹತ್ತಿರವಾದ ಅಧ್ಯಾಯ ಭಾರತದ್ದು. ಅವರು ಬರುವುದಕ್ಕೆ ಎಷ್ಟೋ ಮೊದಲೇ, 1920ರಲ್ಲಿ ಗಿಜುಭಾಯಿ ಬಧೇಕ ಅವರು ಭಾವನಗರದಲ್ಲಿ ಬಾಲಮಂದಿರವನ್ನು ತೆರೆದು ಈ ತತ್ತ್ವಗಳನ್ನು ನಮ್ಮ ಮಣ್ಣಿಗೆ ಹೊಂದಿಸಿದ್ದರು. 1939ರ ಕೊನೆಯಲ್ಲಿ ಥಿಯಸಾಫಿಕಲ್ ಸೊಸೈಟಿಯ ಅಧ್ಯಕ್ಷರಾದ ಜಾರ್ಜ್ ಅರುಂಡೇಲ್ ಅವರ ಆಹ್ವಾನದ ಮೇಲೆ, ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ಮಾಂಟೆಸ್ಸರಿಯವರು ಮಾರಿಯೊ ಜೊತೆಯಲ್ಲಿ ಮದರಾಸಿನ ಅಡಯಾರಿಗೆ ಬಂದರು. ತಾಳೆಗರಿಯ ಚಪ್ಪರಗಳಲ್ಲಿ ಸುಮಾರು ಮುನ್ನೂರು ಶಿಕ್ಷಕರಿಗೆ ತರಬೇತಿ ನಡೆಯಿತು. ಅವರು ಇಟಾಲಿಯನ್ನಿನಲ್ಲಿ ಮಾತನಾಡುವರು, ಮಾರಿಯೊ ಇಂಗ್ಲಿಷಿಗೆ ತಿರುಗಿಸುವರು. ಕೆಲವೇ ತಿಂಗಳಿಗೆಂದು ಬಂದವರು ಏಳು ವರ್ಷ ಇಲ್ಲಿ ಉಳಿಯಬೇಕಾಯಿತು. 1940ರ ಜೂನ್ ತಿಂಗಳಲ್ಲಿ ಇಟಲಿಯು ಯುದ್ಧಕ್ಕಿಳಿದಾಗ ಬ್ರಿಟಿಷ್ ಸರ್ಕಾರಕ್ಕೆ ಇವರು ಶತ್ರುದೇಶದ ಪ್ರಜೆಗಳಾದರು. ತಾಯಿ ಅಡಯಾರಿನಲ್ಲಿ ನಿರ್ಬಂಧಕ್ಕೊಳಗಾದರು, ಮಾರಿಯೊ ಅಹಮದ್‌ನಗರದ ಶಿಬಿರಕ್ಕೆ ಒಯ್ಯಲ್ಪಟ್ಟರು. ಅದೇ ಆಗಸ್ಟ್ 31ರಂದು, ಅವರಿಗೆ ಎಪ್ಪತ್ತು ತುಂಬಿದ ದಿನ, ವೈಸರಾಯರಿಂದ ತಂತಿ ಬಂದಿತು. ಹುಟ್ಟುಹಬ್ಬದ ಉಡುಗೊರೆಯಾಗಿ ಅವರ ಮಗನನ್ನು ಬಿಡುಗಡೆ ಮಾಡಲಾಗಿದೆಯೆಂಬುದು ಅದರ ಸಾರಾಂಶ. ನಲವತ್ತೆರಡು ವರ್ಷಗಳ ಕಾಲ ಅವರು ಬಹಿರಂಗವಾಗಿ ಆಡಲಾರದಿದ್ದ ಮಗ ಎಂಬ ಪದವು ಪರದೇಶದ ಸರ್ಕಾರಿ ಕಾಗದವೊಂದರಲ್ಲಿ ಬರೆದು ಬಂದಿತ್ತು.

ಆಮೇಲೆ ಕೊಡೈಕನಾಲಿನಲ್ಲಿ, ಅಹಮದಾಬಾದಿನಲ್ಲಿ, ಕರಾಚಿಯಲ್ಲಿ, ಸಿಂಹಳದಲ್ಲಿ ತಾಯಿಮಗ ಕೂಡಿ ತರಬೇತಿಗಳನ್ನು ನಡೆಸಿದರು. ಕಂಕುಳಲ್ಲಿ ಕೂಸನ್ನೆತ್ತಿಕೊಂಡೇ ಸಂತೆಗೂ ಕೆಲಸಕ್ಕೂ ಹೋಗುವ ನಮ್ಮ ತಾಯಂದಿರನ್ನು ಅವರು ಕೌತುಕದಿಂದ ಗಮನಿಸಿದರು. ಮಗುವಿನ ಮೊದಲ ವರ್ಷಗಳನ್ನು ಕುರಿತ ಅವರ ಕೊನೆಯ ದೊಡ್ಡ ಗ್ರಂಥವು ಅಹಮದಾಬಾದಿನ ಉಪನ್ಯಾಸಗಳಿಂದ ಮೂಡಿ, 1949ರಲ್ಲಿ ಅಡಯಾರಿನಿಂದ ಪ್ರಕಟವಾಯಿತು.

ಮಾಂಟೆಸ್ಸರಿಯವರು 1952ನೆಯ ಮೇ 6ರಂದು ಹಾಲೆಂಡಿನ ಕಡಲತೀರದ ನೂರ್ಡ್‌ವೇಕ್ ಎಂಬ ಊರಿನಲ್ಲಿ ನಿಧನರಾದರು. ಅಲ್ಲಿಯೇ ಅವರ ಸಮಾಧಿಯಿದೆ. ಅವರ ಮರಣಶಾಸನವನ್ನು ತೆರೆದಾಗ, ತಮ್ಮದೆಲ್ಲವನ್ನೂ ಅವರು ಮಾರಿಯೊ ಅವರಿಗೆ ಬಿಟ್ಟಿದ್ದರು. ಅದರಲ್ಲಿ ಅವರನ್ನು ತಮ್ಮ ಮಗನೆಂದೇ ಬರೆದಿದ್ದರು.